ವಿದ್ಯುತ್ ಪಿಕಪ್: ಸಾಲಕ್ಕೆ ಮೊದಲು ಲೆಕ್ಕ

ವಿದ್ಯುತ್ ಪಿಕಪ್ ನಮಗೆ ಒಗ್ಗುವುದೇ ಎಂದು ಸದಸ್ಯ ಬಾಂಧವರು ವಿಚಾರಿಸುತ್ತಿದ್ದಾರೆ. 2022ರಲ್ಲಿ ಬಂದ ಟಾಟಾ ಏಸ್ ಇ.ವಿ.ಯ ಮೊದಲ ಮಾದರಿಯನ್ನೇ ನೋಡೋಣ.

ಅದು ಹೊರುವುದು 600 ಕಿಲೋ. ಅಂದರೆ 50 ಕಿಲೋದ 12 ಚೀಲ ಚೆರಿ ಕಾಫಿ. ಕಂಪೆನಿ ಹೇಳುವ 154 ಕಿ.ಮೀ. ಪರೀಕ್ಷೆಯ ಅಂಕಿ, ಹೊರೆ ಹೊತ್ತು ಘಾಟಿ ಏರುವಾಗ ಅಷ್ಟು ಸಿಗದು. ಇಳಿಜಾರಿನಲ್ಲಿ ಸ್ವಲ್ಪ ವಿದ್ಯುತ್ ಬ್ಯಾಟರಿಗೆ ಮರಳುತ್ತದೆ, ಏರಲು ಖರ್ಚಾದಷ್ಟಲ್ಲ.

ಬ್ಯಾಟರಿ 21.3 ಯೂನಿಟ್. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ತುಂಬಲು ಇಡೀ ರಾತ್ರಿ ಬೇಕು. ಬೇಸಿಗೆಯಲ್ಲಿ ತೊಡಕಿಲ್ಲ. ಆಷಾಢದಲ್ಲಿ ಮರ ಬಿದ್ದು ಲೈನ್ ಹೋದರೆ ಗಾಡಿಯೂ ನಿಂತಂತೆಯೇ.

ಆದುದರಿಂದ ಸಂತೆ, ಗೊಬ್ಬರ, ಅಡಿಕೆ ಮಂಡಿ, ಆಸ್ಪತ್ರೆ ಎಂದು ಒಂದು ತಿಂಗಳ ಓಡಾಟ ಬರೆದಿಡಿ. ದಿನದ ಓಟ ಕಂಪೆನಿಯ ಅಂಕಿಯ ಅರ್ಧದೊಳಗಿದ್ದು, ಮನೆಯಲ್ಲಿ ಇನ್ನೊಂದು ವಾಹನವಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಇರುವುದು ಒಂದೇ ಗಾಡಿಯಾದರೆ, ಮಳೆಗಾಲದ ಕರೆಂಟನ್ನು ನೆನೆದು ಸಾಲದ ಅರ್ಜಿಗೆ ಸಹಿ ಹಾಕಿರಿ.