ಹಗ್ಗದ ಗಂಟಿನಲ್ಲಿ ಅರಳಿದ ವನದೇವತೆಯರು

ಬಾವಿಯಿಂದ ನೀರು ಸೇದಲು ಹಗ್ಗ ಬೇಕು. ದನ ಕಟ್ಟಲು, ಹೊರೆ ಬಿಗಿಯಲು, ಹಾಲಿನ ಗಡಿಗೆ ಬೆಕ್ಕಿಗೆ ಎಟುಕದಂತೆ ನೆಲುವು ಹೆಣೆಯಲು ಹಗ್ಗವೇ ಬೇಕು. ಇಷ್ಟು ಉಪಕಾರಿಯಾದರೂ ಅದಕ್ಕೆ ಹಜಾರದಲ್ಲಿ ಸ್ಥಾನವಿಲ್ಲ. ಮೂಲೆಯೇ ಅದರ ನೆಲೆ. ವೇದಾಂತಿಗಳು ಹಗ್ಗವನ್ನು ನೆನೆದದ್ದೂ ಅದು ಕತ್ತಲಲ್ಲಿ ಹಾವಿನಂತೆ ತೋರಿ ಭ್ರಾಂತಿ ಹುಟ್ಟಿಸುವುದೆಂಬ ಕಾರಣಕ್ಕಾಗಿ. ಅದೇ ಹಗ್ಗವನ್ನು ಕೈಗೆತ್ತಿಕೊಂಡು, ಅದರಲ್ಲಿ ಹಾವನ್ನಲ್ಲ, ಯಕ್ಷಿಯನ್ನೂ ವನದೇವಿಯನ್ನೂ ಕಂಡ ಶಿಲ್ಪಿ ಮೃಣಾಲಿನಿ ಮುಖರ್ಜಿ.

ಕಲೆಯೇ ಮನೆಯ ಮಾತು

ಮೃಣಾಲಿನಿ ಜನಿಸಿದ್ದು 1949ರಲ್ಲಿ, ಮುಂಬಯಿಯಲ್ಲಿ. ತಂದೆ ವಿನೋದ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಹೆಸರಾಂತ ಚಿತ್ರಕಾರರು. ನಂದಲಾಲ ಬಸುಗಳ ಶಿಷ್ಯರು. ಹುಟ್ಟಿನಿಂದಲೇ ಮಂದವಾಗಿದ್ದ ಅವರ ದೃಷ್ಟಿ 1950ರ ದಶಕದಲ್ಲಿ ಪೂರ್ತಿಯಾಗಿ ಹೋಯಿತು. ಆದರೂ ಅವರು ಕಲೆಯನ್ನು ಬಿಡಲಿಲ್ಲ. ಬೆರಳುಗಳನ್ನೇ ಕಣ್ಣಾಗಿಸಿಕೊಂಡು ಕೆಲಸ ಮಾಡಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ಅವರನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತೆಗೆದರು. ತಾಯಿ ಲೀಲಾ ಮುಖರ್ಜಿ ನೇಪಾಳದ ಕುಶಲಕರ್ಮಿಗಳಿಂದ ಮರಗೆತ್ತನೆಯನ್ನು ಕಲಿತ ಶಿಲ್ಪಿ. ಡೆಹರಾಡೂನಿನ ಬೆಟ್ಟಗಳ ಮಡಿಲಲ್ಲಿಯೂ ಶಾಂತಿನಿಕೇತನದ ಮರಗಳ ನೆರಳಿನಲ್ಲಿಯೂ ಬಾಲ್ಯವನ್ನು ಕಳೆದ ಮಗಳಿಗೆ ಸ್ಪರ್ಶದ ಕಲೆ ಒಲಿದದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಮೃಣಾಲಿನಿ ಮೊದಲು ಕಲಿತದ್ದು ಶಿಲ್ಪವನ್ನಲ್ಲ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನೂ, ಅನಂತರ ಭಿತ್ತಿಕಲೆಯನ್ನೂ ಅಭ್ಯಾಸ ಮಾಡಿದರು. ಅಲ್ಲಿ ಅವರಿಗೆ ದೊರೆತ ಗುರು ಕೆ. ಜಿ. ಸುಬ್ರಹ್ಮಣ್ಯನ್. ಕುಂಬಾರನ ತಿಗರಿ, ನೇಕಾರನ ಮಗ್ಗ, ಆಟಿಕೆ ಮಾಡುವವನ ಉಳಿ—ಇವು ಚಿತ್ರಕಾರನ ಕುಂಚಕ್ಕಿಂತ ಕೀಳಲ್ಲವೆಂಬುದು ಆ ಗುರುವಿನ ನಂಬಿಕೆ. ನಾರಿನಲ್ಲಿ ಕೈಯಾಡಿಸಲು ಶಿಷ್ಯೆಗೆ ಧೈರ್ಯ ಬಂದದ್ದು ಅಲ್ಲಿಯೇ. 1972ರಲ್ಲಿ ದೆಹಲಿಯಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು.

ಮಗ್ಗವಿಲ್ಲ, ನಕ್ಷೆಯಿಲ್ಲ

ಈ ಶಿಲ್ಪಗಳ ರಚನೆಯ ಕ್ರಮ ಕುತೂಹಲಕರವಾದುದು. ಸೆಣಬಿನ ಹಗ್ಗವನ್ನು ತಂದು, ಹುರಿ ಬಿಚ್ಚಿ, ಎಳೆಗಳನ್ನು ವಿಂಗಡಿಸಿ, ಬೇಕಾದವಕ್ಕೆ ಬಣ್ಣ ಕಟ್ಟಬೇಕು: ಕಾವಿ, ಹಳದಿ, ನೇರಳೆ, ಕಡುಗೆಂಪು. ಬಳಿಕ ಲೋಹದ ಹಂದರವೊಂದನ್ನು ಆಸರೆಯಾಗಿ ಮಾಡಿಕೊಂಡು ಬರಿಗೈಯಿಂದ ಗಂಟಿನ ಮೇಲೆ ಗಂಟು ಹಾಕುತ್ತ ಹೋಗಬೇಕು. ಮಗ್ಗದ ನೆರವಿಲ್ಲ, ಮುಂಚಿತವಾಗಿ ಬರೆದುಕೊಂಡ ನಕ್ಷೆಯೂ ಇಲ್ಲ. ಕೈ ನಡೆದಂತೆ ರೂಪ ಬೆಳೆಯುತ್ತದೆ. ಒಂದೆಡೆ ಮಡಿಕೆಯಾಗಿ ಇಳಿಯುತ್ತದೆ, ಇನ್ನೊಂದೆಡೆ ದಳದಂತೆ ಬಿರಿಯುತ್ತದೆ. ಒಂದೊಂದು ಕೃತಿಗೂ ತಿಂಗಳುಗಟ್ಟಲೆ ದುಡಿಮೆ. ಕಲ್ಲುಕುಟಿಗನು ಬೇಡವಾದುದನ್ನು ಕೆತ್ತಿ ತೆಗೆದು ಮೂರ್ತಿಯನ್ನು ಕಾಣಿಸುತ್ತಾನೆ. ಇಲ್ಲಿಯಾದರೋ ಗಿಡ ಚಿಗುರುವಂತೆ ಮೂರ್ತಿ ತಾನೇ ಬೆಳೆಯಬೇಕು.

ಹೀಗೆ ಬೆಳೆದು ನಿಂತವರು ‘ರುದ್ರ’, ‘ದೇವಿ’ (1982), ‘ಯಕ್ಷಿ’ (1984), ‘ವನಶ್ರೀ’ (1994) ಮೊದಲಾದವರು. ಆಳೆತ್ತರವನ್ನು ಮೀರಿದವರೂ ಇವರಲ್ಲಿದ್ದಾರೆ. ಯಕ್ಷಿಯರೇನು ನಮಗೆ ಹೊಸಬರಲ್ಲ. ಭಾರ್ಹುತ್ ಸ್ತೂಪದ ಕಟಾಂಜನದಲ್ಲಿ, ಸಾಂಚಿಯ ತೋರಣದಲ್ಲಿ ಮರವನ್ನು ತಬ್ಬಿ ನಿಂತ ಆ ವೃಕ್ಷದೇವತೆಯರ ವಯಸ್ಸು ಎರಡು ಸಾವಿರ ವರ್ಷ. ಬೇಲೂರಿನ ಮದನಿಕೆಯರ ತಲೆಯ ಮೇಲೂ ಕಲ್ಲಿನ ಎಲೆಬಳ್ಳಿಗಳ ಚಪ್ಪರವಿದೆ. ಹೆಣ್ಣನ್ನೂ ಹಸಿರನ್ನೂ ಒಂದೇ ಚೈತನ್ಯವಾಗಿ ಕಂಡ ಪರಂಪರೆ ಅದು.

ಆದರೆ ಮೃಣಾಲಿನಿ ಹಳೆಯ ಮೂರ್ತಿಗಳ ಪ್ರತಿಯನ್ನು ತೆಗೆಯಲಿಲ್ಲ. ಅವರ ಯಕ್ಷಿಗೆ ಶಾಸ್ತ್ರೋಕ್ತವಾದ ಲಕ್ಷಣಗಳಿಲ್ಲ, ಪೂಜೆಯಿಲ್ಲ. ಗಿಡವೋ ಮನುಷ್ಯರೋ, ಹೆಣ್ಣೋ ಗಂಡೋ ಎಂದು ಒಮ್ಮೆಗೇ ಹೇಳಲಾಗದ ರೂಪ ಅದು. ಮಬ್ಬುಗತ್ತಲೆಯ ಗರ್ಭಗುಡಿಯ ಮುಂದೆ ನಿಂತಾಗ ಭಕ್ತನಲ್ಲದವನ ಮನಸ್ಸನ್ನೂ ಒಂದು ಕ್ಷಣ ಹಿಡಿದು ನಿಲ್ಲಿಸುವ ಬೆರಗಿದೆಯಲ್ಲವೆ, ಅದನ್ನೇ ಅವರು ನಾರಿನಲ್ಲಿ ತರಲು ಹೊರಟರು. ಪರಂಪರೆಯ ಹೆಸರನ್ನು ಉಳಿಸುವುದು ಸುಲಭ; ಅದರ ಬೆರಗನ್ನು ಉಳಿಸುವುದು ಕಷ್ಟ.

ಹೆಂಗಸರ ಹೊತ್ತುಗಳೆಯೆ?

ಈ ಹಾದಿ ಹೂವಿನದಾಗಿರಲಿಲ್ಲ. ಶಿಲ್ಪವೆಂದರೆ ಕಲ್ಲು ಅಥವಾ ಕಂಚು ಎಂಬ ಭಾವನೆ ಬೇರೂರಿದ್ದ ಕಾಲವದು. ಹೆಣಿಗೆ, ಗಂಟುಗಸೂತಿಗಳೇನಿದ್ದರೂ ಹೆಂಗಸರ ಮಧ್ಯಾಹ್ನದ ಹೊತ್ತುಗಳೆ ಎಂಬ ತಾತ್ಸಾರವೂ ಇತ್ತು. ಹಗ್ಗದಿಂದ ಮಾಡಿದುದನ್ನು ಕಲೆಯೆನ್ನಬೇಕೆ, ಕರಕುಶಲವೆನ್ನಬೇಕೆ ಎಂಬ ಪ್ರಶ್ನೆ ಅವರನ್ನು ಬಹುಕಾಲ ಬೆನ್ನಟ್ಟಿತು. ಅವರಾದರೋ ವಾದಕ್ಕಿಳಿಯುವುದಕ್ಕಿಂತ ಕೆಲಸದಲ್ಲಿಯೇ ಉತ್ತರ ಕೊಡುತ್ತ ಹೋದರು. 1994ರಲ್ಲಿ ಆಕ್ಸ್‌ಫರ್ಡಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಶಿಲ್ಪಗಳ ಪ್ರದರ್ಶನ ಏರ್ಪಟ್ಟಿತು. 1996ರಲ್ಲಿ ಹಾಲೆಂಡಿಗೆ ಹೋಗಿ ಸುಟ್ಟಮಣ್ಣಿನ ಶಿಲ್ಪಗಳನ್ನು ಮಾಡಿದರು. 2000ದಲ್ಲಿ ಸೆಣಬಿನಲ್ಲಿಯೇ ‘ಜವಾ’ ರೂಪುಗೊಂಡಿತು. ಬಂಗಾಳಿಯಲ್ಲಿ ಹಾಗೆಂದರೆ ದಾಸವಾಳ. ಮುಂದೆ ಅವರು ಮೇಣ ಕರಗಿಸಿ ಎರಕ ಹೊಯ್ಯುವ ಪ್ರಾಚೀನ ವಿಧಾನವನ್ನು ಹಿಡಿದು, ಎಲೆ ಗರಿಗಳ ಆಕಾರಗಳನ್ನು ಕಂಚಿಗೆ ಇಳಿಸಿದರು. ವಸ್ತು ಬದಲಾಯಿತು, ಕಾಡು ಮಾತ್ರ ಅವರನ್ನು ಬಿಡಲಿಲ್ಲ.

2015ರ ಜನವರಿಯ ಕೊನೆಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ಅವರ ಜೀವಮಾನದ ಕೃತಿಗಳ ಮಹಾಪ್ರದರ್ಶನವನ್ನು ಏರ್ಪಡಿಸಿತು. ಸ್ವದೇಶದಲ್ಲಿ ಅಷ್ಟು ದೊಡ್ಡ ಗೌರವ ಕೈಗೂಡುವ ಹೊತ್ತಿಗೇ ಶಿಲ್ಪಿ ಹಾಸಿಗೆ ಹಿಡಿದರು. ಪ್ರದರ್ಶನ ಆರಂಭವಾಗಿ ಸುಮಾರು ಒಂದು ವಾರದಲ್ಲಿ, ತಮ್ಮ 65ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜನರು ಬಂದು ನೋಡಿ ಬೆರಗಾದರು. ಬೆರಗನ್ನು ಹೆಣೆದ ಕೈಗಳು ಇರಲಿಲ್ಲ.

ಆಮೇಲೆ ಜಗತ್ತು ಎಚ್ಚತ್ತಿತು. 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು ಅವರ ಕೃತಿಗಳಿಗಾಗಿಯೇ ಪ್ರದರ್ಶನವನ್ನು ನಡೆಸಿತು. 2022ರ ವೆನಿಸ್ ಕಲಾಮೇಳದಲ್ಲಿಯೂ ಆ ಸೆಣಬಿನ ದೇವತೆಗಳು ಕಾಣಿಸಿಕೊಂಡರು.

ನಾರು ಕಲ್ಲಿನಂತೆ ಬಾಳುವ ವಸ್ತುವಲ್ಲ. ಬೆಳಕು ಅದರ ಬಣ್ಣವನ್ನು ಹೀರುತ್ತದೆ, ಧೂಳು ಎಳೆಗಳಲ್ಲಿ ಕೂರುತ್ತದೆ, ತೇವ ಅದನ್ನು ತಿನ್ನುತ್ತದೆ. ಇದನ್ನೆಲ್ಲ ಬಲ್ಲ ಶಿಲ್ಪಿಯೊಬ್ಬರು ಮೂರು ದಶಕಗಳ ಕಾಲ ಅದನ್ನೇ ಆರಿಸಿಕೊಂಡರೆಂಬುದು ಗಮನಾರ್ಹ. ಹೂವು ಬಾಡುತ್ತದೆಂದು ದೇವರಿಗೆ ಏರಿಸುವುದನ್ನು ಯಾರೂ ಬಿಟ್ಟಿಲ್ಲವಷ್ಟೆ.