ಮಣಿಕಟ್ಟಿನ ನಾಡಿಯ ಮಾರ್ಗಭೇದ

ನಾಡಿ ಹಿಡಿದು ರೋಗ ಹೇಳುವುದು ನಮ್ಮ ಸೀಮೆಯ ಪಾರಂಪರಿಕ ವೈದ್ಯರ ವಿದ್ಯೆ. ಪುರುಷರಿಗೆ ಬಲಗೈ, ಸ್ತ್ರೀಯರಿಗೆ ಎಡಗೈ ಎಂಬುದು ಅವರ ಪದ್ಧತಿ. ಹೆಬ್ಬೆರಳ ಬುಡದ ಬಳಿ ವೈದ್ಯರ ಮೂರು ಬೆರಳಿಗೆ ಮಿಡಿಯುವ ಆ ರಕ್ತನಾಳವೇ ಇಂದು ಮೆದುಳಿನ ಚಿಕಿತ್ಸೆಗೂ ದ್ವಾರವಾಗಿದೆ.

ಮೆದುಳಿನ ರಕ್ತನಾಳಗಳನ್ನು ಕ್ಷ-ಕಿರಣದಲ್ಲಿ ಕಾಣಿಸಿದವರು ಲಿಸ್ಬನ್ನಿನ ಈಗಾಸ್ ಮೊನಿಜ್, 1927ರಲ್ಲಿ. ಮುಂದೆ ತೊಡೆಸಂದಿನ ನಾಳದಿಂದ ಕ್ಯಾಥೆಟರ್ ಎಂಬ ಸಪೂರ ನಳಿಕೆಯನ್ನು ಏರಿಸುವುದು ರೂಢಿಗೆ ಬಂದಿತು. 1989ರಲ್ಲಿ ಕೆನಡಾದ ಲೂಸಿಯೆನ್ ಕ್ಯಾಂಪೋ ಅವರು ಹೃದಯದ ಪರೀಕ್ಷೆಗೆ ಮಣಿಕಟ್ಟಿನ ಮಾರ್ಗವನ್ನು ತೋರಿದರು. ಮೆದುಳಿನ ವೈದ್ಯರು ಅದೇ ಜಾಡನ್ನು ಹಿಡಿದರು. ಇಲ್ಲಿ ನಾಳವು ಚರ್ಮದ ಅಡಿಯಲ್ಲೇ ಎಲುಬಿನ ಮೇಲೆ ಹಾಯುವುದರಿಂದ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಕಿರುಬೆರಳ ಬದಿಯ ಇನ್ನೊಂದು ನಾಳವೂ ಅಂಗೈಗೆ ರಕ್ತವೂಡುತ್ತದೆ. ರೋಗಿಯು ತಾಸುಗಟ್ಟಲೆ ಅಲುಗಾಡದೆ ಮಲಗಬೇಕಾಗಿಲ್ಲ.

ಆದರೆ ಆ ನಾಳದ ಅಗಲ ಸುಮಾರು 2ರಿಂದ 3 ಮಿ.ಮೀ. ಮಾತ್ರ. ಎಲ್ಲರ ಕೈಯಲ್ಲಿಯೂ ಅದು ಒಂದೇ ದಾರಿಯಲ್ಲಿ ಸಾಗುವುದೂ ಇಲ್ಲ. ಮೊಣಕೈಯ ಹತ್ತಿರ ಕವಲೊಡೆಯಬೇಕಾದದ್ದು ಕೆಲವರಲ್ಲಿ ರಟ್ಟೆಯಲ್ಲಿಯೇ ಕವಲೊಡೆದು, ಕಿರಿದಾಗಿ ಇಳಿಯುತ್ತದೆ. ಕೆಲವರಲ್ಲಿ ಪೂರ್ತಿ ಒಂದು ಸುರುಳಿ ಸುತ್ತಿರುತ್ತದೆ. 2009ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಹೃದಯವೈದ್ಯರ ಅಧ್ಯಯನವೊಂದರಲ್ಲಿ 1540 ಜನರನ್ನು ನೋಡಲಾಗಿ, 100ಕ್ಕೆ ಸುಮಾರು 14 ಜನರಲ್ಲಿ ಇಂಥ ಭೇದವಿದ್ದಿತು. ನೇರ ನಾಳವಿದ್ದವರಲ್ಲಿ ಕೈಮಾರ್ಗ ವಿಫಲವಾದದ್ದು 100ಕ್ಕೆ ಒಂದಕ್ಕಿಂತ ಕಡಿಮೆ. ಸುರುಳಿ ಇದ್ದವರಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚು. ಇದು ರೋಗವಲ್ಲ, ಹುಟ್ಟಿನಿಂದಲೋ ವಯಸ್ಸಿನಿಂದಲೋ ಬಂದ ರಚನೆ. ಹೊರಗಿನಿಂದ ನಾಡಿ ಚೆನ್ನಾಗಿಯೇ ಮಿಡಿಯುತ್ತಿರುವುದರಿಂದ ಮೊದಲೇ ತಿಳಿಯುವುದು ಕಷ್ಟ.

ಬಲ್ಲ ವೈದ್ಯರು ನಳಿಕೆ ತಡೆದೊಡನೆ ನೂಕುವುದಿಲ್ಲ. ಕ್ಷ-ಕಿರಣದಲ್ಲಿ ಕಾಣುವ ದ್ರವವನ್ನು ತುಸು ಬಿಟ್ಟು ತೋಳಿನ ನಕ್ಷೆಯನ್ನು ತೆಗೆಯುತ್ತಾರೆ. ನಾಳ ಬಿಗಿದುಕೊಂಡಿದ್ದರೆ ನೈಟ್ರೋಗ್ಲಿಸರಿನ್, ವೆರಪಾಮಿಲ್ ಮುಂತಾದ ಔಷಧಗಳಿಂದ ಸಡಿಲಿಸುತ್ತಾರೆ. ಸಣ್ಣ ಸುರುಳಿಯನ್ನು ಮೃದುವಾದ ತಂತಿಯಿಂದ ದಾಟಿ ನೇರಗೊಳಿಸಬಹುದು. ನೋವು ಹೆಚ್ಚಿದರೆ ಅಲ್ಲಿಗೇ ಬಿಟ್ಟು ತೊಡೆಯ ಮಾರ್ಗಕ್ಕೆ ಹೋಗುವುದೇ ವಿವೇಕ. ಹಟ ಹಿಡಿದರೆ ನಾಳ ಹರಿದು ಮುಂಗೈ ಒಳಗೇ ರಕ್ತ ತುಂಬಿ ಬಿಗಿಯುವ ಅಪಾಯವಿದೆ.

ನಮ್ಮ ಮನೆತನಗಳಲ್ಲಿ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. “ಕೈಯಾಗ ಚುಚ್ಚಿದ್ರು, ಆಮ್ಯಾಲೆ ತೊಡ್ಯಾಗೂ ಚುಚ್ಚಿದ್ರು, ಇವರಿಗೆ ಬರೂದಿಲ್ಲೇನು?” ಎಂಬ ಗೊಣಗು ನಾವು ಕೇಳದ ಮಾತಲ್ಲ. ಲಕ್ವಾ ಹೊಡೆದವರ ವಿಷಯದಲ್ಲಂತೂ ಈ ಸಂಶಯಕ್ಕೆ ವೇಳೆಯೇ ಇಲ್ಲ. ಗದಗ-ಬೆಟಗೇರಿಯಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ.; ಮುಂಡರಗಿಯವರು ಗದಗಿಗೆ ಬರುವುದೇ 40 ಕಿ.ಮೀ.ಯ ಹಾದಿ, ಲಕ್ಷ್ಮೇಶ್ವರ, ಶಿರಹಟ್ಟಿಯವರ ಪಾಡೂ ಸುಲಭದ್ದಲ್ಲ. ದಾರಿಯಲ್ಲಿಯೇ ಮೆದುಳು ಸೊರಗಿರುವಾಗ, ಎರಡನೆಯ ಮಾರ್ಗಕ್ಕೆ ಒಪ್ಪಿಗೆ ಕೊಡಲು ಹೊರಗೆ ಕುಳಿತ ಬಂಧುಗಳು ಪಂಚಾಯಿತಿ ನಡೆಸಬಾರದು. ಅದಕ್ಕಾಗಿಯೇ ಮೊದಲ ಸಹಿಗೆ ಮುನ್ನವೇ “ಕೈ ಆಗದಿದ್ದರೆ ಮುಂದೇನು?” ಎಂದು ಕೇಳಿ ತಿಳಿದು, ಎರಡಕ್ಕೂ ಒಪ್ಪಿಬಿಡುವುದು ಲೇಸು. ನಾಳದಲ್ಲಿ ಸಿಕ್ಕಿದ ರಕ್ತದ ಹೆಪ್ಪನ್ನು ತೆಗೆಯಲು ದಪ್ಪನೆಯ ನಳಿಕೆ ಬೇಕಾಗುವುದರಿಂದ ಅನೇಕ ವೈದ್ಯರು ಇಂದಿಗೂ ಮೊದಲೇ ತೊಡೆಯನ್ನು ಆರಿಸುವುದುಂಟು.

ನಿತ್ಯ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವ ಹಿರಿಯರು ಕೈಗೆ ಚುಚ್ಚುವರೆಂದೊಡನೆ ಹಿಂಜರಿಯುತ್ತಾರೆ. ಸಾಮಾನ್ಯವಾಗಿ ಬಳಸುವುದು ಬಲಗೈಯನ್ನು. ಎಡಗೈ ಬೇಕಾದರೂ ಪಟ್ಟಿಯನ್ನು ಕೆಲವು ತಾಸುಗಳಲ್ಲಿ ತೆಗೆಯುತ್ತಾರೆ. ಮನೆಗೆ ಬಂದ ಮೇಲೆ ಮುಂಗೈ ಬಾತು ಬಿಗಿದರೆ, ಬೆರಳು ಬಿಳುಪೇರಿ ತಣ್ಣಗಾದರೆ ಕೂಡಲೇ ಆಸ್ಪತ್ರೆಗೆ ಮರಳಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ಅದನ್ನು ಮುಂಚೆಯೇ ತಿಳಿಸಬೇಕು. ಡಯಾಲಿಸಿಸ್‌ಗಾಗಿ ಆ ನಾಳವನ್ನು ಉಳಿಸಿಕೊಳ್ಳಬೇಕಾದೀತು. ಹಿಂದೆ ಕೈಯಿಂದ ಮಾಡಿಸಿದ ಹೃದಯದ ಆಂಜಿಯೋಗ್ರಫಿಯ ಕಾಗದಪತ್ರ, ಸಿ.ಡಿ. ಇದ್ದರೆ ತಪ್ಪದೆ ಒಯ್ಯಿರಿ. ಸುರುಳಿಯ ಸಂಗತಿ ಅದರಲ್ಲಿ ದಾಖಲಾಗಿದ್ದರೆ ವೈದ್ಯರು ನೇರವಾಗಿ ತೊಡೆಯಿಂದಲೇ ಆರಂಭಿಸಿಯಾರು.