ಬಳಕೆದಾರನ ಹೆಸರು ಕನ್ನಡದಲ್ಲಿದ್ದಾಗ

ಮಗಳು ಬಿಸಿಎ ಸೇರಿದಳೆಂದು ಬ್ಯಾಡಗಿಯ ಮನೆಯೊಂದಕ್ಕೆ ಡೆಸ್ಕ್‌ಟಾಪ್ ಬರುತ್ತದೆ ಎಂದುಕೊಳ್ಳಿ. ಲೋಕಲ್ ಅಕೌಂಟ್ ತೆರೆಯುವಾಗ ವಿಂಡೋಸ್ ಹೆಸರು ಕೇಳುತ್ತದೆ. ಮಗಳ ಹೆಸರನ್ನು ‘ನೀಲಮ್ಮ’ ಎಂದು ಕನ್ನಡದಲ್ಲೇ ಟೈಪ್ ಮಾಡುತ್ತಾರೆ. ವಿಂಡೋಸ್ ತಕರಾರಿಲ್ಲದೆ ಒಪ್ಪಿ, ಅದೇ ಹೆಸರಿನ ಫೋಲ್ಡರ್ ಕಟ್ಟುತ್ತದೆ. ತೊಂದರೆ ಕಾಣಿಸುವುದು ಪ್ರೋಗ್ರಾಮಿಂಗ್ ತಂತ್ರಾಂಶ ಹಾಕಿಕೊಳ್ಳುವಾಗ. ಅರ್ಧಕ್ಕೇ ನಿಂತು ‘ಫೈಲ್ ಸಿಗುತ್ತಿಲ್ಲ’ ಎನ್ನುತ್ತದೆ. ಡಿ ಡ್ರೈವ್‌ಗೆ ಹಾಕಿದರೂ ಅದೇ ಕಥೆ.

ಯಾಕೆಂದರೆ ಬಹಳಷ್ಟು ಇನ್‌ಸ್ಟಾಲರ್‌ಗಳು ತಮ್ಮ ಗಂಟನ್ನು ಮೊದಲು ಬಿಚ್ಚುವುದು ‘ಟೆಂಪ್’ ಫೋಲ್ಡರ್‌ನಲ್ಲಿ. ಅದಿರುವುದು ನೀಲಮ್ಮನ ಫೋಲ್ಡರಿನ ಒಳಗೆ. ಹಳೆಯ ಕ್ರಮದಲ್ಲಿ ಬರೆದ ಪ್ರೋಗ್ರಾಂಗಳು ಆ ವಿಳಾಸವನ್ನು ‘ಕೋಡ್ ಪೇಜ್’ ಎಂಬ ಅಕ್ಷರಪಟ್ಟಿಯ ಮೂಲಕ ಓದುತ್ತವೆ. ನಮ್ಮಲ್ಲಿನ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿರುವ ಪಟ್ಟಿಯಲ್ಲಿ 256 ಸ್ಥಾನಗಳಷ್ಟೇ. ಅವನ್ನು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳು ತುಂಬಿವೆ. ಕನ್ನಡಕ್ಕೆ ಅಂಥ ಪಟ್ಟಿಯನ್ನೇ ವಿಂಡೋಸ್ ಮಾಡಲಿಲ್ಲ. ಕನ್ನಡಕ್ಕೆ ಜಗತ್ತಿನ ಲಿಪಿಗಳನ್ನು ಒಳಗೊಳ್ಳುವ ಯೂನಿಕೋಡ್ ಒಂದೇ ದಾರಿ. ಹೀಗಾಗಿ ಹೆಸರಿನ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಫೈಲಿನ ಹೆಸರಿನಲ್ಲಿ ಆ ಚಿಹ್ನೆ ಇರುವಂತೆಯೇ ಇಲ್ಲ. ಇಲ್ಲದ ವಿಳಾಸ ಹುಡುಕಿ ಪ್ರೋಗ್ರಾಂ ಕೈಚೆಲ್ಲುತ್ತದೆ.

ಇದನ್ನು ನೀಲಮ್ಮನ ತಪ್ಪೆಂದು ನಾನು ಒಪ್ಪುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ತನ್ನ ಫೈಲ್ ವಿಳಾಸಗಳ ವ್ಯವಹಾರವನ್ನು 2016ರಲ್ಲಿ, 3.6ನೇ ಆವೃತ್ತಿಯಲ್ಲಿ ಸರಿಪಡಿಸಿಕೊಂಡಿತು. ಅಂಕಿಅಂಶದವರು ಬಳಸುವ ‘ಆರ್’ ಭಾಷೆ ವಿಂಡೋಸ್‌ನಲ್ಲಿ ಯೂನಿಕೋಡ್‌ಗೆ ಹೊರಳಿದ್ದು 2022ರಲ್ಲಿ. ಮನಸ್ಸು ಮಾಡಿದರೆ ಆಗುತ್ತದೆ. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ರಾಣೆಬೆನ್ನೂರಿನ ಪದವಿ ಕಾಲೇಜಿನಲ್ಲೋ ಪ್ರೋಗ್ರಾಂ ಬರೆಯಲು ಕಲಿಯುವ ಮಕ್ಕಳು ತಮ್ಮ ಕೆಲಸವನ್ನು ಒಮ್ಮೆ ಕನ್ನಡ ಹೆಸರಿನ ಫೋಲ್ಡರ್‌ನಲ್ಲಿಟ್ಟು ಓಡಿಸಿ ನೋಡಬೇಕು.

ಸದ್ಯಕ್ಕೆ ಪರಿಹಾರ ಏನು? ಆ ಫೋಲ್ಡರಿನ ಹೆಸರನ್ನು ನೇರವಾಗಿ ತಿದ್ದಲು ಹೋಗಬೇಡಿ. ವಿಂಡೋಸ್ ತನ್ನ ಸೆಟ್ಟಿಂಗ್ಗಳನ್ನಿಡುವ ರಿಜಿಸ್ಟ್ರಿಯಲ್ಲಿ ಹಳೆಯ ವಿಳಾಸ ಉಳಿದು, ಲಾಗಿನ್ ಆಗುವುದೇ ಕಷ್ಟವಾದೀತು. ಸಿ ಡ್ರೈವ್‌ನಲ್ಲಿ ಇಂಗ್ಲಿಷ್ ಅಕ್ಷರದ ಫೋಲ್ಡರ್ ಮಾಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ‘ಟೆಂಪ್’, ‘ಟಿಎಂಪಿ’ ಎರಡನ್ನೂ ಅದಕ್ಕೆ ತಿರುಗಿಸಿದರೆ ಎಷ್ಟೋ ಸಲ ಕೆಲಸ ಸಾಗುತ್ತದೆ. ಸಾಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಲೋಕಲ್ ಅಕೌಂಟ್ ತೆರೆಯಿರಿ. ಒಮ್ಮೆ ಲಾಗಿನ್ ಆದ ಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಕೌಂಟಿನ ಹೆಸರನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಫೋಲ್ಡರ್ ಇಂಗ್ಲಿಷ್‌ನಲ್ಲೇ ಉಳಿಯುತ್ತದೆ, ಪರದೆಯ ಮೇಲೆ ನೀಲಮ್ಮ ಎಂದೇ ಕಾಣುತ್ತದೆ.